ಕಾವಲುಗಾರರೇ ಕಿಚ್ಚಿಟ್ಟಾಗ

ಸಾಸ್ವೆಹಳ್ಳಿಯ ಬಸ್ ನಿಲ್ದಾಣದಲ್ಲೋ ಹೊನ್ನಾಳಿಯ ಸಂತೆಯಲ್ಲೋ ಯಾರಿಗಾದರೂ ಫಿಟ್ಸ್ ಬಂತು ಎಂದುಕೊಳ್ಳಿ. ಕ್ಷಣಮಾತ್ರದಲ್ಲಿ ಜನ ಮುತ್ತಿಕೊಳ್ಳುತ್ತಾರೆ. ಒಬ್ಬ ಸೊಂಟದ ಬೀಗದಕೈ ಗೊಂಚಲನ್ನು ಬಿದ್ದವನ ಮುಷ್ಟಿಗೆ ತುರುಕುತ್ತಾನೆ. ಇನ್ನೊಬ್ಬ ಈರುಳ್ಳಿ ಜಜ್ಜಿ ಮೂಗಿಗೆ ಹಿಡಿಯುತ್ತಾನೆ. ‘ಚಪ್ಪಲಿ ಮೂಸಿಸ್ರಪ್ಪಾ’ ಎಂದು ಮೂರನೆಯವನ ಸಲಹೆ. ಎರಡು ಮೂರು ನಿಮಿಷದಲ್ಲಿ ಸೆಳೆತ ನಿಲ್ಲುತ್ತದೆ. ಬಿದ್ದವನು ಮಂಕಾಗಿ ಕಣ್ಣು ಬಿಡುತ್ತಾನೆ. ಕೀರ್ತಿಯೆಲ್ಲ ಬೀಗದಕೈಗೆ!

ನಿಜ ಸಂಗತಿ ಏನೆಂದರೆ, ಕಬ್ಬಿಣ ಹಿಡಿಸಿದರೂ ಹಿಡಿಸದಿದ್ದರೂ ಬಹುತೇಕ ಸೆಳೆತಗಳು ಅಷ್ಟು ಹೊತ್ತಿಗೆ ತಾವಾಗಿಯೇ ನಿಲ್ಲುತ್ತವೆ. ತಾನಾಗಿಯೇ ಆಗುವ ಕೆಲಸಕ್ಕೆ ಬೇರೆ ಯಾರೋ ಹೆಸರು ತೆಗೆದುಕೊಳ್ಳುವ ಈ ಮೋಸಕ್ಕೆ ಹಳ್ಳಿಯ ಜನ ಮಾತ್ರ ಬಿದ್ದವರಲ್ಲ. ದೊಡ್ಡ ದೊಡ್ಡ ಆಸ್ಪತ್ರೆಗಳ ವೈದ್ಯರೂ ಬಿದ್ದಿದ್ದರು. ಆ ಕಥೆ ಮುಂದೆ ಬರುತ್ತದೆ.

ಮೂರ್ಛೆರೋಗ, ಅಪಸ್ಮಾರ, ಎಪಿಲೆಪ್ಸಿ, ಫಿಟ್ಸ್, ಪಿಡ್ಸು. ಹೆಸರು ಯಾವುದಾದರೂ ಕಾಯಿಲೆ ಒಂದೇ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಇದು ಇದೆ. ಮಿದುಳಿನ ನರಕೋಶಗಳು ಒಂದಕ್ಕೊಂದು ಮಾತಾಡುವುದು ವಿದ್ಯುತ್ತಿನ ಭಾಷೆಯಲ್ಲಿ. ತರಗತಿಯಲ್ಲಿ ಮಕ್ಕಳು ಒಬ್ಬೊಬ್ಬರಾಗಿ ಉತ್ತರ ಹೇಳಿದರೆ ಪಾಠ ನಡೆಯುತ್ತದೆ. ಎಲ್ಲರೂ ಒಮ್ಮೆಗೇ ಕೂಗಿಬಿಟ್ಟರೆ? ಮಿದುಳಿನ ಒಂದು ಭಾಗದಲ್ಲೋ ಇಡೀ ಮಿದುಳಿನಲ್ಲೋ ನರಕೋಶಗಳು ಹೀಗೆ ಒಟ್ಟಿಗೆ ಕೂಗುವುದೇ ಫಿಟ್ಸ್. ಹಾನ್ಸ್ ಬರ್ಗರ್ ಎಂಬ ಜರ್ಮನ್ ವೈದ್ಯ 1924ರಲ್ಲಿ ಮನುಷ್ಯನ ತಲೆಯ ಮೇಲಿಂದಲೇ ಈ ವಿದ್ಯುತ್ತನ್ನು ಬರೆದು ತೋರಿಸಿದ. ಈಗ ಇಇಜಿ ಎಂದು ಎಲ್ಲ ಜಿಲ್ಲಾ ಕೇಂದ್ರಗಳಲ್ಲೂ ಕೇಳಿಬರುವುದು ಅದೇ.

ಕೂಗು ಏಕೆ ಏಳುತ್ತದೆ ಎಂಬ ಪ್ರಶ್ನೆಗೆ ನೂರು ವರ್ಷಗಳ ಕಾಲ ವಿಜ್ಞಾನಿಗಳು ಕೂಗುವವರನ್ನೇ, ಅಂದರೆ ನರಕೋಶಗಳನ್ನೇ ನೋಡುತ್ತಾ ಕುಳಿತರು. ಮಾತ್ರೆಗಳೂ ಅವುಗಳ ಬಾಯಿ ಮುಚ್ಚಿಸಲೆಂದೇ ತಯಾರಾದವು. ಗಾರ್ಡಿನಾಲ್ ಇರಲಿ, ಎಪ್ಟಾಯಿನ್ ಇರಲಿ, ಮಾಡುವ ಕೆಲಸ ಅದೇ. ತರಗತಿಯ ಬಾಗಿಲಲ್ಲಿ ನಿಂತ ಕಾವಲುಗಾರನೇ ಮಕ್ಕಳನ್ನು ಕೆಣಕುತ್ತಿರಬಹುದು ಎಂಬ ಅನುಮಾನ ಬಲವಾದದ್ದು ಕಳೆದ ಮೂವತ್ತು ವರ್ಷಗಳಲ್ಲಿ. ಆ ಅನುಮಾನದ ಬೆನ್ನು ಹತ್ತಿದವರಲ್ಲಿ ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಡಾ. ತಿಮ್ಮಸೆಟ್ಟಪ್ಪ ತಿಪ್ಪೇಸ್ವಾಮಿ ಒಬ್ಬರು. ಏಮ್ಸ್ ಎಂಬ ಊರಿನಲ್ಲಿರುವ ಆ ಪ್ರಯೋಗಾಲಯದ ಬಾಗಿಲಿನ ಮೇಲೆ ಈ ಹೆಸರನ್ನು ಓದಿದರೆ ಜಗಳೂರು, ಚಳ್ಳಕೆರೆ ಕಡೆಯವರಿಗೆ ನಾಯಕನಹಟ್ಟಿಯ ತೇರು ನೆನಪಾಗದೆ ಇರದು.

ಮಿದುಳಿನ ಪೊಲೀಸರು

ಮೈಯಲ್ಲಿ ಎಲ್ಲಿ ಮುಳ್ಳು ಚುಚ್ಚಿದರೂ ಅಲ್ಲಿ ಕೆಂಪಾಗಿ, ಬಿಸಿಯಾಗಿ, ಊದಿಕೊಳ್ಳುತ್ತದೆ. ರಕ್ತದ ಬಿಳಿಯ ಕಣಗಳು ಅಲ್ಲಿಗೆ ಓಡಿ ಬಂದು ರೋಗಾಣುಗಳ ಜತೆ ಕಾದಾಡುವುದರ ಗುರುತು ಅದು. ಇದಕ್ಕೆ ಉರಿಯೂತ ಎಂದು ಹೆಸರು. ಮಿದುಳಿಗೆ ಮಾತ್ರ ಈ ವ್ಯವಹಾರ ಇಲ್ಲ ಎಂದು ಬಹುಕಾಲ ನಂಬಲಾಗಿತ್ತು. ಮಿದುಳಿನ ರಕ್ತನಾಳಗಳ ಗೋಡೆ ಬಲು ಬಿಗಿ. ರಕ್ತದಲ್ಲಿರುವ ಎಲ್ಲವನ್ನೂ ಅದು ಒಳಗೆ ಬಿಡುವುದಿಲ್ಲ. ಆದ್ದರಿಂದ ಮಿದುಳು ಕೋಟೆಯೊಳಗಿನ ಅಂತಃಪುರ, ಹೊರಗಿನ ಸೈನಿಕರಿಗೆ ಅಲ್ಲಿ ಪ್ರವೇಶವಿಲ್ಲ ಎಂದು ಪಠ್ಯಪುಸ್ತಕಗಳು ಹೇಳುತ್ತಿದ್ದವು. 2015ರಲ್ಲಿ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದವರು ಮಿದುಳಿನ ಹೊದಿಕೆಯಲ್ಲಿ ದುಗ್ಧರಸ ನಾಳಗಳಿರುವುದನ್ನು ಇಲಿಗಳಲ್ಲಿ ವಿವರವಾಗಿ ತೋರಿಸಿದ ಮೇಲೆ ಆ ಪುಟಗಳನ್ನು ತಿದ್ದಬೇಕಾಯಿತು.

ಅಂತಃಪುರಕ್ಕೆ ಅದರದೇ ಕಾವಲು ಪಡೆಯೂ ಇದೆ. ಅದರ ಹೆಸರು ಮೈಕ್ರೋಗ್ಲಿಯಾ. ಸ್ಪೇನಿನ ಪಿಯೊ ದೆಲ್ ರಿಯೊ ಓರ್ತೇಗಾ 1919ರಲ್ಲಿ ಈ ಪುಟ್ಟ ಕೋಶಗಳನ್ನು ಗುರುತಿಸಿ ಹೆಸರಿಟ್ಟರು. ಮಿದುಳಿನ ಕೋಶಗಳಲ್ಲಿ ನೂರಕ್ಕೆ ಐದರಿಂದ ಹತ್ತರಷ್ಟು ಇವೇ. ಜೇಡನ ಕಾಲಿನಂಥ ಎಳೆಗಳನ್ನು ಚಾಚಿ, ಹಿಂತೆಗೆದು, ಮತ್ತೆ ಚಾಚಿ ಸುತ್ತಲಿನ ಜಾಗವನ್ನು ಇವು ತಡವುತ್ತಲೇ ಇರುತ್ತವೆ. ಸತ್ತ ಕೋಶ ಸಿಕ್ಕರೆ ನುಂಗುತ್ತವೆ. ಬೇಡವಾದ ನರ ಸಂಧಿಗಳನ್ನು ಕತ್ತರಿಸುತ್ತವೆ. ಬೆಳೆಯುವ ಮಗುವಿನ ಮಿದುಳಿನಲ್ಲಿ ಈ ಕತ್ತರಿ ಕೆಲಸ ನಡೆಯದಿದ್ದರೆ ಮಗು ಕಲಿಯುವುದೇ ಕಷ್ಟ. ನಕ್ಷತ್ರದ ಆಕಾರದ ಆಸ್ಟ್ರೋಸೈಟ್ ಎಂಬ ಮತ್ತೊಂದು ಬಗೆಯ ಕೋಶಗಳು ಇವುಗಳ ಜತೆಗಾರರು.

ಒಂದು ದೊಡ್ಡ ಫಿಟ್ಸ್ ಬಂದು ಅರ್ಧ ಗಂಟೆ, ಮುಕ್ಕಾಲು ಗಂಟೆ ಬಿಡದೆ ಹಿಡಿಯಿತು ಎನ್ನಿ. ಅಥವಾ ಹೆಲ್ಮೆಟ್ ಇಲ್ಲದೆ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಯಿತು ಎನ್ನಿ. ಕಾವಲುಗಾರರು ಒಮ್ಮೆಲೇ ರೂಪ ಬದಲಿಸುತ್ತಾರೆ. ತೆಳು ಎಳೆಗಳು ಮಾಯವಾಗಿ ಕೋಶ ದಪ್ಪವಾಗುತ್ತದೆ, ಕೆರಳುತ್ತದೆ, ಸಂಖ್ಯೆಯೂ ಹೆಚ್ಚುತ್ತದೆ. ಇಂಟರ್‌ಲೂಕಿನ್, ನೈಟ್ರಿಕ್ ಆಕ್ಸೈಡ್ ಮೊದಲಾದ ರಾಸಾಯನಿಕಗಳನ್ನು ಸುರಿಸತೊಡಗುತ್ತದೆ. ಉದ್ದೇಶ ಒಳ್ಳೆಯದೇ, ಗಾಯ ಮಾಯಿಸುವುದು. ಆದರೆ ಇದೇ ರಾಸಾಯನಿಕಗಳು ಪಕ್ಕದ ನರಕೋಶಗಳನ್ನು ಮುಂಗೋಪಿಗಳನ್ನಾಗಿ ಮಾಡುತ್ತವೆ. ಇಟಲಿಯ ಮಿಲಾನ್ ನಗರದ ಮಾರಿಯೊ ನೆಗ್ರಿ ಸಂಸ್ಥೆಯ ಅನ್ನಮರಿಯಾ ವೆಜ್ಜಾನಿ ಮತ್ತು ಸಂಗಡಿಗರು 1999ರಲ್ಲಿ ಇದನ್ನು ಇಲಿಗಳಲ್ಲಿ ತೋರಿಸಿಕೊಟ್ಟರು. ಫಿಟ್ಸ್ ಬಂದ ಕಡೆ ಇಂಟರ್‌ಲೂಕಿನ್-1 ಬೀಟಾ ಏರುತ್ತದೆ, ಹೊರಗಿನಿಂದ ಅದನ್ನು ಕೊಟ್ಟರೆ ಫಿಟ್ಸ್ ಇನ್ನೂ ಉದ್ದವಾಗುತ್ತದೆ. ಫಿಟ್ಸಿನಿಂದ ಉರಿಯೂತ, ಉರಿಯೂತದಿಂದ ಫಿಟ್ಸ್. ಗಾಣದ ಎತ್ತಿನ ಸುತ್ತು.

ಬೂದಿ ಮುಚ್ಚಿದ ಕೆಂಡ

ತಿಪ್ಪೇಸ್ವಾಮಿಯವರ ಸಂಶೋಧನೆ ಈ ಸುತ್ತಿನ ಒಂದು ನಿರ್ದಿಷ್ಟ ಜಾಗಕ್ಕೆ ಕೈ ಹಾಕುತ್ತದೆ. ತಲೆಗೆ ಪೆಟ್ಟು ಬಿದ್ದವರಲ್ಲಿ ಕೆಲವರಿಗೆ ತಿಂಗಳುಗಳ ನಂತರ, ಒಮ್ಮೊಮ್ಮೆ ವರ್ಷಗಳ ನಂತರ ಮೂರ್ಛೆರೋಗ ಶುರುವಾಗುತ್ತದೆ. ಮನೆಯವರು ಪೆಟ್ಟನ್ನು ಮರೆತೂ ಬಿಟ್ಟಿರುತ್ತಾರೆ. ನಡುವಿನ ಆ ಮೌನದಲ್ಲಿ ಏನಾಗುತ್ತಿತ್ತು? ಬೂದಿ ಮುಚ್ಚಿದ ಕೆಂಡದಂತೆ ಒಳಗೊಳಗೇ ಕೆಲಸ ನಡೆಯುತ್ತಿತ್ತು. ಕೋಶಗಳು ಸಾಯುತ್ತಿದ್ದವು, ಹೊಸ ತಪ್ಪು ಸಂಪರ್ಕಗಳು ಬೆಳೆಯುತ್ತಿದ್ದವು. ಇಂದು ಅಂಗಡಿಯಲ್ಲಿ ಸಿಗುವ ಯಾವ ಮಾತ್ರೆಯೂ ಈ ಒಳಗೆಲಸವನ್ನು ತಡೆಯುತ್ತದೆ ಎಂದು ರುಜುವಾತಾಗಿಲ್ಲ. ಅವು ಬೆಂಕಿಗೆ ನೀರು ಹಾಕುತ್ತವೆ, ಕೆಂಡವನ್ನು ಆರಿಸುವುದಿಲ್ಲ. ಮಾತ್ರೆ ನುಂಗುತ್ತಿದ್ದರೂ ರೋಗಿಗಳಲ್ಲಿ ಮೂರರಲ್ಲಿ ಒಬ್ಬರಿಗೆ ಫಿಟ್ಸ್ ಹತೋಟಿಗೆ ಬರುವುದಿಲ್ಲ ಎಂಬುದು ಬಹುಕಾಲದ ಕೊರಗು.

ಅವರು ಹಿಡಿದ ಎಳೆ ನೈಟ್ರಿಕ್ ಆಕ್ಸೈಡ್. ಗುಡುಗು ಸಿಡಿಲಿನಲ್ಲೂ ವಾಹನಗಳ ಹೊಗೆಯಲ್ಲೂ ಇರುವ ಈ ಅನಿಲ ನಮ್ಮ ಮೈಯೊಳಗೂ ತಯಾರಾಗುತ್ತದೆ, ರಕ್ತನಾಳಗಳನ್ನು ಸಡಿಲಿಸುವ ಸಂದೇಶ ಒಯ್ಯುತ್ತದೆ. ಈ ಸಂಗತಿಯನ್ನು ಕಂಡುಹಿಡಿದ ಮೂವರಿಗೆ 1998ರ ನೊಬೆಲ್ ಬಹುಮಾನ ಬಂತು. ಸ್ವಲ್ಪವಿದ್ದರೆ ಅಂಚೆಯವನು, ಹೆಚ್ಚಾದರೆ ವಿಷ. ಇದನ್ನು ತಯಾರಿಸುವ ಕಿಣ್ವಗಳು ಮೂರು ಬಗೆ. ಎರಡು ದಿನನಿತ್ಯದ ಕೆಲಸದವು. ಮೂರನೆಯದನ್ನು ಐನಾಸ್ ಎನ್ನುತ್ತಾರೆ, ಕಾವಲುಗಾರರು ಕೆರಳಿದಾಗ ಮಾತ್ರ ದೊಡ್ಡ ಪ್ರಮಾಣದಲ್ಲಿ ಏಳುತ್ತದೆ. ಆಗ ಹೊಮ್ಮುವ ನೈಟ್ರಿಕ್ ಆಕ್ಸೈಡ್ ಸೂಪರ್‌ಆಕ್ಸೈಡ್ ಎಂಬ ಇನ್ನೊಬ್ಬ ಪುಂಡನ ಜತೆ ಸೇರಿ ಪೆರಾಕ್ಸಿನೈಟ್ರೈಟ್ ಆಗುತ್ತದೆ. ಕೋಶದ ಕೊಬ್ಬು, ಪ್ರೋಟೀನು, ವಂಶವಾಹಿ ಯಾವುದನ್ನೂ ಅದು ಬಿಡುವುದಿಲ್ಲ.

ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾಲಯದಲ್ಲಿದ್ದಾಗಲೇ ತಿಪ್ಪೇಸ್ವಾಮಿ ಮತ್ತು ಸಂಗಡಿಗರು ನೈಟ್ರಿಕ್ ಆಕ್ಸೈಡಿಗೂ ಫಿಟ್ಸಿಗೂ ಇರುವ ನಂಟನ್ನು ಬಿಡಿಸುತ್ತಿದ್ದರು. ಅಯೋವಾಕ್ಕೆ ಹೋದ ಮೇಲೆ ಪ್ರಯೋಗ ಇನ್ನಷ್ಟು ಹರಿತವಾಯಿತು. ಇಲಿಗಳಿಗೆ ಕೈನೇಟ್ ಎಂಬ ರಾಸಾಯನಿಕ ಕೊಟ್ಟು ದೀರ್ಘ ಫಿಟ್ಸ್ ಬರಿಸುವುದು. ಅದು ಮುಗಿದ ಮೇಲೆ 1400ಡಬ್ಲ್ಯು ಎಂಬ ಔಷಧ ಕೊಡುವುದು. ಈ ಔಷಧದ ವಿಶೇಷವೆಂದರೆ ಮೂರು ಕಿಣ್ವಗಳಲ್ಲಿ ಐನಾಸ್ ಒಂದನ್ನೇ ಆರಿಸಿ ಕಟ್ಟಿಹಾಕುತ್ತದೆ, ಅಂಚೆಯವರ ತಂಟೆಗೆ ಹೋಗುವುದಿಲ್ಲ. ಆಮೇಲೆ ಇಲಿಯ ಮೈಯೊಳಗೆ ಕೂರಿಸಿದ ಪುಟ್ಟ ಯಂತ್ರದಿಂದ ಮಿದುಳಿನ ವಿದ್ಯುತ್ತನ್ನು ತಂತಿಯಿಲ್ಲದೆ ಹಗಲು ರಾತ್ರಿ ದಾಖಲಿಸುತ್ತಾ, ಕ್ಯಾಮೆರಾ ಕಣ್ಣಿಟ್ಟು ಕಾಯುವುದು. ಒಂದು ವಾರ ಎರಡು ವಾರವಲ್ಲ, ತಿಂಗಳುಗಟ್ಟಲೆ. ಕೆಂಡ ಎದ್ದು ಉರಿಯುತ್ತದೋ ಆರುತ್ತದೋ ಎಂದು ತಿಳಿಯಲು ಬೇರೆ ದಾರಿಯಿಲ್ಲ. 2016ರಲ್ಲಿ ಪ್ರಕಟವಾದ ಫಲಿತಾಂಶ ಆಶಾದಾಯಕವಾಗಿತ್ತು. ಔಷಧ ಪಡೆದ ಇಲಿಗಳಲ್ಲಿ ಮುಂದೆ ತಾನಾಗಿ ಬರುವ ಫಿಟ್ಸ್ ಗಣನೀಯವಾಗಿ ತಗ್ಗಿತ್ತು, ಕೆರಳಿದ ಗ್ಲಿಯಾ ಕೋಶಗಳೂ ಕಡಿಮೆಯಾಗಿದ್ದವು. ಆ ಪ್ರಬಂಧದ ಮೊದಲ ಹೆಸರು ಶ್ರೀಕಾಂತ್ ಪುಟ್ಟಾಚಾರಿ ಅವರದು.

2018ರಲ್ಲಿ ಅದೇ ಗುಂಪು ಇನ್ನೊಂದು ಬಾಗಿಲು ತಟ್ಟಿತು. ಮೈಕ್ರೋಗ್ಲಿಯಾವನ್ನು ಕೆರಳಿಸುವ ಸರಪಳಿಯಲ್ಲಿ ಫಿನ್ ಎಂಬ ಕಿಣ್ವ ಒಂದು ಕೊಂಡಿ. ಕ್ಯಾನ್ಸರಿಗೆಂದು ಮೊದಲು ತಯಾರಾದ ಸಾರಾಕಾಟಿನಿಬ್ ಎಂಬ ಔಷಧ ಆ ಕೊಂಡಿಯನ್ನು ತಡೆಯುತ್ತದೆ. ಒಂದು ಕಾಯಿಲೆಗೆಂದು ಮಾಡಿದ ಔಷಧವನ್ನು ಮತ್ತೊಂದಕ್ಕೆ ಹಚ್ಚಿ ನೋಡುವುದು ಈಗಿನ ಜಾಣತನ. ಹೊಸದಾಗಿ ಕಂಡುಹಿಡಿಯುವುದಕ್ಕಿಂತ ಖರ್ಚೂ ಕಾಲವೂ ಉಳಿಯುತ್ತವೆ.

ನಮ್ಮ ಗದ್ದೆಯ ಡಬ್ಬಿ

ಈ ಪ್ರಯೋಗಗಳಲ್ಲಿ ನಮ್ಮ ರೈತರ ಮನೆಗಳಿಗೆ ಹತ್ತಿರವಾದ ಒಂದು ಅಧ್ಯಾಯವಿದೆ. ಅಯೋವಾದ ತಂಡ ಕೈನೇಟ್ ಮಾತ್ರವಲ್ಲ, ಡಿಎಫ್‌ಪಿ ಎಂಬ ರಾಸಾಯನಿಕವನ್ನೂ ಬಳಸುತ್ತದೆ. ಅದು ಆರ್ಗನೋಫಾಸ್ಫೇಟ್ ಎಂಬ ವಂಶಕ್ಕೆ ಸೇರಿದ್ದು. 1995ರಲ್ಲಿ ಟೋಕಿಯೋದ ಸುರಂಗ ರೈಲಿನಲ್ಲಿ ಜನರನ್ನು ಕೊಂದ ಸಾರಿನ್ ಅನಿಲ ಈ ವಂಶದ್ದೇ. ಇಂಥ ಅಸ್ತ್ರಗಳಿಗೆ ಪ್ರತ್ಯಸ್ತ್ರ ಬೇಕೆಂಬ ಕಾರಣಕ್ಕೇ ಅಮೆರಿಕ ಸರ್ಕಾರ ಈ ಸಂಶೋಧನೆಗೆ ಹಣ ಕೊಡುತ್ತದೆ. ಆದರೆ ಭದ್ರಾ ಕಾಲುವೆಯ ಭತ್ತದ ಗದ್ದೆಗಳವರಿಗೆ, ಹತ್ತಿ ಬೆಳೆಯುವವರಿಗೆ ಈ ವಂಶದ ಇತರ ಸದಸ್ಯರ ಪರಿಚಯ ಸಾರಿನ್ ಹೆಸರು ಕೇಳುವ ಮೊದಲೇ ಇತ್ತು. ಕ್ಲೋರ್‌ಪೈರಿಫಾಸ್, ಮೊನೊಕ್ರೊಟೊಫಾಸ್ ಎಲ್ಲ ಅವೇ.

ಇವೆಲ್ಲ ನರಗಳ ಸಂಧಿಯಲ್ಲಿ ಅಸಿಟೈಲ್‌ಕೋಲಿನ್ ಎಂಬ ಸಂದೇಶವಾಹಕವನ್ನು ಗುಡಿಸಿ ತೆಗೆಯುವ ಕಿಣ್ವವನ್ನು ಕೊಲ್ಲುತ್ತವೆ. ಗುಡಿಸುವವರಿಲ್ಲದ ಮೇಲೆ ಸಂದೇಶ ಬಂದು ಬಂದು ರಾಶಿ ಬೀಳುತ್ತದೆ. ಬಾಯಲ್ಲಿ ನೊರೆ, ಸಣ್ಣಗಾದ ಕಣ್ಣಿನ ಪಾಪೆ, ಬೆವರು, ಉಸಿರಾಟದ ತೊಂದರೆ, ಕೊನೆಗೆ ಫಿಟ್ಸ್. ಎಣ್ಣೆ ಕುಡಿದವರನ್ನು, ಮುಖಕ್ಕೆ ಬಟ್ಟೆ ಕಟ್ಟದೆ ಔಷಧ ಹೊಡೆದು ಬಿದ್ದವರನ್ನು ದಾವಣಗೆರೆಯ ಆಸ್ಪತ್ರೆಗೆ ಹೊತ್ತು ತಂದದ್ದನ್ನು ಕಂಡವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅಟ್ರೋಪಿನ್, ಪ್ರಾಲಿಡಾಕ್ಸಿಮ್, ಫಿಟ್ಸ್ ಇದ್ದರೆ ಡಯಾಜೆಪಾಮ್ ಅಥವಾ ಮಿಡಾಜೋಲಾಮ್. ಸಮಯಕ್ಕೆ ಸಿಕ್ಕರೆ ಜೀವ ಉಳಿಯುತ್ತದೆ. ಉಳಿದ ಮೇಲೆ? ‘ಬದುಕಿ ಬಂದ, ಆದರೆ ಮೊದಲಿನ ಹಾಗಿಲ್ಲ’ ಎಂಬ ಮಾತು ಮನೆಗಳಲ್ಲಿ ಕೇಳಿಬರುತ್ತದೆ. ಮರೆವು, ಸಿಡುಕು, ಮಂಕು. ತಿಪ್ಪೇಸ್ವಾಮಿಯವರ ಇಲಿಗಳಲ್ಲಿ ಕಂಡದ್ದೂ ಇದನ್ನೇ ಹೋಲುತ್ತದೆ. ತುರ್ತು ಚಿಕಿತ್ಸೆ ಪಡೆದು ಬದುಕಿದ ಇಲಿಗಳ ಮಿದುಳಿನಲ್ಲೂ ಕಾವಲುಗಾರರು ವಾರಗಳ ನಂತರವೂ ಕೆರಳಿದ್ದರು, ನರಕೋಶಗಳು ಸಾಯುತ್ತಿದ್ದವು. ಆದ್ದರಿಂದ ತುರ್ತು ಔಷಧಗಳ ಬೆನ್ನಿಗೇ 1400ಡಬ್ಲ್ಯು ಅಥವಾ ಸಾರಾಕಾಟಿನಿಬ್ ಕೊಟ್ಟು ಮುಂದಿನ ಹಾನಿಯನ್ನು ತಡೆಯಬಹುದೇ ಎಂಬ ಪರೀಕ್ಷೆ. ಗಂಡು ಇಲಿಗಳ ಜತೆ ಹೆಣ್ಣು ಇಲಿಗಳನ್ನೂ ಸೇರಿಸಿಕೊಂಡು ನೋಡುತ್ತಿದ್ದಾರೆ. ಹಿಂದಿನ ಎಷ್ಟೋ ಪ್ರಯೋಗಗಳು ಗಂಡು ಇಲಿಗಳನ್ನು ಮಾತ್ರ ನೋಡಿ ತೀರ್ಪು ಕೊಟ್ಟುಬಿಡುತ್ತಿದ್ದವು.

ಮನುಷ್ಯರ ಮೂರ್ಛೆರೋಗಕ್ಕೆ ಈ ಎರಡೂ ಔಷಧಗಳು ಇನ್ನೂ ಬಂದಿಲ್ಲ. ‘ಅಮೆರಿಕದಲ್ಲಿ ಔಷಧ ಸಿಕ್ಕಿದೆಯಂತೆ’ ಎಂದು ಮಗುವಿನ ಮಾತ್ರೆ ನಿಲ್ಲಿಸುವ ಅವಸರ ಯಾರಿಗೂ ಬೇಡ. ಇಲಿಯಿಂದ ಮನುಷ್ಯನವರೆಗಿನ ದಾರಿ ಉದ್ದ, ನಡುವೆ ಸೋತು ನಿಂತ ಔಷಧಗಳೇ ಹೆಚ್ಚು.

ಇಲ್ಲಿ ಪಿಯುಸಿ ಓದುವ ಮಕ್ಕಳಿಗೊಂದು ಮಾತು. ತಿಪ್ಪೇಸ್ವಾಮಿಯವರ ಪ್ರಯೋಗಾಲಯ ಇರುವುದು ಪಶುವೈದ್ಯ ಕಾಲೇಜಿನಲ್ಲಿ. ಡಾಕ್ಟರಿ ಸೀಟು ಸಿಗಲಿಲ್ಲವೆಂದು ಮನೆಯೆಲ್ಲ ಸೂತಕ ಹಿಡಿದಂತೆ ಕೂರುವುದನ್ನು ಪ್ರತಿ ವರ್ಷ ನೋಡುತ್ತೇವೆ. ಮಿದುಳಿನ ಸಂಶೋಧನೆಗೆ ಎಂಬಿಬಿಎಸ್ ಒಂದೇ ಬಾಗಿಲಲ್ಲ. ಪಶುವೈದ್ಯ, ಜೀವರಸಾಯನಶಾಸ್ತ್ರ, ಔಷಧಶಾಸ್ತ್ರ ಎಲ್ಲವೂ ಅಲ್ಲಿಗೆ ಒಯ್ಯುತ್ತವೆ. ಪಶುವೈದ್ಯ ಕಾಲೇಜು ಶಿವಮೊಗ್ಗದಲ್ಲೇ ಇದೆ. ಅಂದ ಹಾಗೆ ನಾಯಿಗಳಿಗೂ ಮೂರ್ಛೆರೋಗ ಬರುತ್ತದೆ, ಮನುಷ್ಯರಿಗೆ ಕೊಡುವ ಫಿನೋಬಾರ್ಬಿಟೋನನ್ನೇ ಅವಕ್ಕೂ ಕೊಡುತ್ತಾರೆ.

ಲಾಡಿಹುಳುವಿನ ಮರಿ

ಮೊದಲು ಹೇಳಿದ ವೈದ್ಯರ ಕಥೆಗೆ ಬರೋಣ. 1980ರ ದಶಕದಲ್ಲಿ ನಮ್ಮ ದೇಶಕ್ಕೆ ಸಿಟಿ ಸ್ಕ್ಯಾನ್ ಯಂತ್ರಗಳು ಬಂದವು. ಫಿಟ್ಸ್ ಬಂದ ಮಕ್ಕಳ, ತರುಣರ ಮಿದುಳಿನ ಚಿತ್ರದಲ್ಲಿ ಉಂಗುರದಂಥ ಒಂದು ಸಣ್ಣ ಚುಕ್ಕೆ ಪದೇ ಪದೇ ಕಾಣತೊಡಗಿತು. ಭಾರತದಲ್ಲಿ ಕ್ಷಯ ಹೆಚ್ಚು, ಆದ್ದರಿಂದ ಅದು ಕ್ಷಯದ ಗಂಟೇ ಎಂದು ತೀರ್ಮಾನವಾಯಿತು. ತಿಂಗಳುಗಟ್ಟಲೆ ಕ್ಷಯದ ಔಷಧ ಕೊಟ್ಟರು. ಚುಕ್ಕೆ ಮಾಯವಾಯಿತು. ರೋಗ ಗುರುತಿಸಿದ್ದು ಸರಿಯೆಂದು ಎಲ್ಲರಿಗೂ ಸಮಾಧಾನ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ನರಶಸ್ತ್ರ ವೈದ್ಯರಾದ ಚಾಂಡಿ, ವೇದಾಂತಂ ರಾಜಶೇಖರ್ ಮೊದಲಾದವರಿಗೆ ಅನುಮಾನ ಬಂತು. ಅಂಥ ಚುಕ್ಕೆಗಳನ್ನು ತೆಗೆದು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರೆ ಅಲ್ಲಿದ್ದದ್ದು ಲಾಡಿಹುಳುವಿನ ಮರಿ! 1989ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅವರು ಇದನ್ನು ಪ್ರಕಟಿಸಿದರು. ಚುಕ್ಕೆ ತಾನಾಗಿಯೇ ಮಾಯವಾಗುತ್ತಿತ್ತು. ಕ್ಷಯದ ಮಾತ್ರೆ ಇಲ್ಲಿ ಬೀಗದಕೈ ಗೊಂಚಲಿನ ಪಾತ್ರ ವಹಿಸಿತ್ತು.

ಈ ಹುಳುವಿನ ವಿಚಿತ್ರ ಕೇಳಿ. ಜೀವಂತವಾಗಿರುವಷ್ಟು ದಿನ ಅದು ಮಿದುಳಿನ ಕಾವಲುಗಾರರ ಕಣ್ಣಿಗೆ ಮಣ್ಣೆರಚುತ್ತದೆ. ವರ್ಷಗಳ ಕಾಲ ಒಳಗಿದ್ದರೂ ತಲೆನೋವೂ ಇರದಿರಬಹುದು. ಹುಳು ಮುದಿಯಾಗಿ ಸಾಯತೊಡಗಿದಾಗ ಮರೆ ಕಳಚುತ್ತದೆ, ಕಾವಲುಪಡೆ ಮುಗಿಬೀಳುತ್ತದೆ, ಉರಿಯೂತ ಏಳುತ್ತದೆ. ಫಿಟ್ಸ್ ಬರುವುದು ಹೆಚ್ಚಾಗಿ ಆಗಲೇ. ಹುಳುವಿಗಿಂತ ಹುಳುವಿನ ಮೇಲಿನ ಯುದ್ಧವೇ ಮಿದುಳಿಗೆ ಹೆಚ್ಚು ತ್ರಾಸ. ಅದಕ್ಕೇ ವೈದ್ಯರು ಹುಳು ಕೊಲ್ಲುವ ಆಲ್ಬೆಂಡಜೋಲ್ ಕೊಡುವಾಗ ಉರಿಯೂತ ತಗ್ಗಿಸುವ ಸ್ಟಿರಾಯ್ಡನ್ನೂ ಜತೆಗೆ ಕೊಡುತ್ತಾರೆ.

‘ನಾವು ಮಾಂಸ ಮುಟ್ಟುವವರಲ್ಲ, ನಮಗೆಲ್ಲಿಯ ಹಂದಿಯ ಹುಳು’ ಎಂದು ಕೇಳುವವರಿದ್ದಾರೆ. ಹಂದಿಮಾಂಸ ಸರಿಯಾಗಿ ಬೇಯಿಸದೆ ತಿಂದವರ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ, ನಿಜ. ಅದರ ಮೊಟ್ಟೆಗಳು ಮಲದಲ್ಲಿ ಹೊರಬಿದ್ದು ನೀರಿಗೆ, ಸೊಪ್ಪಿಗೆ, ಕೈಬೆರಳಿಗೆ ಅಂಟಿ ಯಾರ ಬಾಯಿಗೆ ಬೇಕಾದರೂ ಹೋಗಬಹುದು. ಮಿದುಳಿಗೆ ಮರಿ ಸೇರುವುದು ಈ ಮೊಟ್ಟೆಯಿಂದ. ಹಸಿ ಕೊತ್ತಂಬರಿ, ಗಜ್ಜರಿಗೆ ಜಾತಿಯ ಭೇದವಿಲ್ಲ. ಶೌಚಾಲಯವೂ ಸೋಪೂ ಮೂರ್ಛೆರೋಗವನ್ನು ತಡೆಯುವ ಸಾಧನಗಳು ಎಂದರೆ ಉತ್ಪ್ರೇಕ್ಷೆಯಲ್ಲ.

ತನ್ನವರನ್ನೇ ಹೊಡೆದಾಗ

ಕಾವಲುಗಾರರು ಕೆಲವೊಮ್ಮೆ ಗುರುತು ತಪ್ಪಿ ಮನೆಯವರನ್ನೇ ಹೊಡೆಯುವುದೂ ಉಂಟು. ಕೆನಡಾದ ಮಾಂಟ್ರಿಯಲ್‌ನಲ್ಲಿ ಥಿಯೋಡರ್ ರಾಸ್ಮುಸ್ಸೆನ್ 1958ರಲ್ಲಿ ಮಕ್ಕಳ ಒಂದು ಭೀಕರ ಕಾಯಿಲೆಯನ್ನು ವರ್ಣಿಸಿದರು. ಮಿದುಳಿನ ಒಂದೇ ಅರ್ಧಭಾಗ ಉರಿಯೂತದಿಂದ ಸೊರಗುತ್ತಾ ಬರುತ್ತದೆ, ಫಿಟ್ಸ್ ಬಿಡುವುದೇ ಇಲ್ಲ. ಕಾರಣ ತಿಳಿದಿರಲಿಲ್ಲ. 1994ರಲ್ಲಿ ಅಮೆರಿಕದ ಕೆಲವು ಸಂಶೋಧಕರು ಬೇರೆ ಕೆಲಸಕ್ಕಾಗಿ ಮೊಲಗಳಿಗೆ ಮಿದುಳಿನ ಒಂದು ಪ್ರೋಟೀನು ಚುಚ್ಚಿದಾಗ ಮೊಲಗಳಿಗೆ ಫಿಟ್ಸ್ ಬಂತು. ಅವುಗಳ ಮಿದುಳು ಆ ಮಕ್ಕಳ ಮಿದುಳನ್ನೇ ಹೋಲುತ್ತಿತ್ತು. ಮುಂದೆ ಆ ಕಾಯಿಲೆಯಲ್ಲಿ ಟಿ ಕಣಗಳ ಪಾತ್ರವೇ ದೊಡ್ಡದು ಎಂದು ಗೊತ್ತಾದರೂ, ಫಿಟ್ಸಿಗೆ ರೋಗನಿರೋಧಕ ವ್ಯವಸ್ಥೆಯೇ ಕಾರಣವಾಗಬಲ್ಲದು ಎಂಬ ಯೋಚನೆಗೆ ಬಲ ಬಂದದ್ದು ಆ ಮೊಲಗಳಿಂದ.

2007ರಲ್ಲಿ ಜೋಸೆಪ್ ದಲ್ಮಾವು ಮತ್ತು ಸಂಗಡಿಗರು ವಿವರಿಸಿದ ಕಾಯಿಲೆಯನ್ನು ತಂದೆತಾಯಿಗಳು ತಿಳಿದಿರಲೇಬೇಕು. ಚೆನ್ನಾಗಿ ಓದುತ್ತಿದ್ದ ಹುಡುಗಿ. ನಾಲ್ಕಾರು ದಿನ ಜ್ವರ, ತಲೆನೋವು. ಆಮೇಲೆ ನಿದ್ದೆಯಿಲ್ಲ, ಅಸಂಬದ್ಧ ಮಾತು, ಯಾರೋ ಕಂಡಂತೆ ಬೆಚ್ಚುವುದು, ಬಾಯಿ ಮುಖ ತಿರುಚುವುದು, ಫಿಟ್ಸ್. ನಮ್ಮ ಸೀಮೆಯಲ್ಲಾದರೆ ‘ಗಾಳಿ ಸೋಕಿದೆ’ ಎಂದು ಉಕ್ಕಡಗಾತ್ರಿಗೆ ಕರೆದೊಯ್ಯುವ ಮನೆಗಳು ಇಲ್ಲವೆನ್ನಲಾಗದು. ಅಜ್ಜಯ್ಯನಿಗೆ ಹರಕೆ ಹೊರುವುದು ಅವರವರ ನಂಬಿಕೆ. ಆದರೆ ಇಲ್ಲಿ ಹುಡುಗಿಯ ಮಿದುಳಿನ ಎನ್‌ಎಂಡಿಎ ಎಂಬ ಗ್ರಾಹಕಗಳ ಮೇಲೆ ಅವಳ ದೇಹದ ಪ್ರತಿಕಾಯಗಳೇ ದಾಳಿ ಮಾಡಿರುತ್ತವೆ. ಕೆಲವರಲ್ಲಿ ಅಂಡಾಶಯದ ಗಡ್ಡೆಯೊಂದು ಇದಕ್ಕೆ ಮೂಲ. ಬೆನ್ನುಹುರಿಯ ನೀರು, ರಕ್ತ ಪರೀಕ್ಷಿಸಿದರೆ ಪತ್ತೆಯಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಪರೀಕ್ಷೆ, ಚಿಕಿತ್ಸೆ ಎರಡೂ ಇವೆ. ಸ್ಟಿರಾಯ್ಡ್, ಇಮ್ಯುನೊಗ್ಲಾಬ್ಯುಲಿನ್, ರಕ್ತದ ಪ್ಲಾಸ್ಮಾ ಬದಲಾವಣೆ, ಗಡ್ಡೆಯಿದ್ದರೆ ಶಸ್ತ್ರಕ್ರಿಯೆ. ಬೇಗ ಶುರುವಾದರೆ ಬಹುಪಾಲು ಜನ ಗುಣವಾಗಿ ಮತ್ತೆ ಕಾಲೇಜಿಗೆ ಹೋಗುತ್ತಾರೆ. ತಡವಾದಷ್ಟೂ ಕಷ್ಟ.

ಉರಿಯೂತ ತಗ್ಗಿಸುವ ಮತ್ತೊಂದು ಬಗೆಯ ಪ್ರಯತ್ನದ ನಂಟು ಮಣಿಪಾಲಕ್ಕೆ ಬರುತ್ತದೆ. ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಅಶೋಕ್ ಶೆಟ್ಟಿ ಅವರ ತಂಡ, ಆಕರಕೋಶಗಳು ಹೊರಸೂಸುವ ಸೂಕ್ಷ್ಮ ಗುಳ್ಳೆಗಳನ್ನು ಮೂಗಿನ ಮೂಲಕ ಇಲಿಗಳಿಗೆ ಕೊಟ್ಟು, ದೀರ್ಘ ಫಿಟ್ಸಿನ ನಂತರದ ಉರಿಯೂತ ತಗ್ಗುವುದನ್ನೂ ನೆನಪಿನ ಶಕ್ತಿ ಉಳಿಯುವುದನ್ನೂ 2017ರಲ್ಲಿ ತೋರಿಸಿತು. ಆ ಕೆಲಸದಲ್ಲಿದ್ದ ದಿನೇಶ್ ಉಪಾಧ್ಯ ಮುಂದೆ ಮಣಿಪಾಲದಲ್ಲಿ ಸಂಶೋಧನೆ ಮುಂದುವರಿಸಿದರು. ಮೂಗಿನ ದಾರಿ ಏಕೆಂದರೆ, ಕೋಟೆಯ ಬಿಗಿ ಗೋಡೆಯನ್ನು ಬಳಸಿಕೊಂಡು ಹೋಗಲು ಅದೊಂದು ಕಳ್ಳದಾರಿ.

ಹಂಡೆಯ ನೀರು

ಎಲ್ಲ ಫಿಟ್ಸಿಗೂ ಉರಿಯೂತವೇ ಮೂಲ ಎಂದುಕೊಳ್ಳಬಾರದು. ಕರ್ನಾಟಕಕ್ಕೆ ವಿಶೇಷವಾದ ಒಂದು ಮೂರ್ಛೆ ಹಂಡೆಯಿಂದ ಬರುತ್ತದೆ! ಬಚ್ಚಲಲ್ಲಿ ಕೂರಿಸಿ ಸುಡುಸುಡು ನೀರನ್ನು ತಂಬಿಗೆ ತಂಬಿಗೆಯಾಗಿ ನೆತ್ತಿಗೆ ಎರೆಯುವಾಗ ಕೆಲವರಿಗೆ, ಅದರಲ್ಲೂ ಹುಡುಗರಿಗೆ, ಫಿಟ್ಸ್ ಬರುತ್ತದೆ. 1945ರಲ್ಲಿ ನ್ಯೂಜಿಲೆಂಡಿನಿಂದ ಇಂಥ ಒಂದು ಪ್ರಕರಣ ವರದಿಯಾಗಿತ್ತು. ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ 1960ರ ದಶಕದಿಂದ ಇದನ್ನು ಕ್ರಮವಾಗಿ ದಾಖಲಿಸಿದರು. ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 1988ರಲ್ಲಿ 279 ರೋಗಿಗಳ ವಿವರ ಪ್ರಕಟಿಸಿದರು. ಮನೆತನದಲ್ಲಿ ಹರಿದುಬರುವ ಸಂದರ್ಭಗಳೂ ಇವೆ. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅನುರಂಜನ್ ಆನಂದ್ ಅವರ ತಂಡ ಅಂಥ ಮನೆತನಗಳಲ್ಲಿ ವಂಶವಾಹಿಗಳನ್ನು ಹುಡುಕಿದೆ. ಮದ್ದು ಮಾತ್ರ ಬಲು ಸರಳ. ನೀರು ಉಗುರುಬೆಚ್ಚಗಿರಲಿ, ತಲೆಗೆ ಒಮ್ಮೆಲೇ ಹುಯ್ಯದಿರಲಿ. ಅಷ್ಟಕ್ಕೂ ಬಗ್ಗದಿದ್ದರೆ ವೈದ್ಯರು ತಲೆಸ್ನಾನಕ್ಕೆ ಒಂದೂವರೆ, ಎರಡು ಗಂಟೆ ಮೊದಲು ಕ್ಲೋಬಜಾಮ್ ಮಾತ್ರೆ ಬರೆದುಕೊಡುತ್ತಾರೆ. ಮೊಮ್ಮಗನಿಗೆ ಮೈ ಕೆಂಪಾಗುವಂತೆ ಎರೆದರೇ ತೃಪ್ತಿ ಎನ್ನುವ ಅಜ್ಜಿಯರಿಗೆ ಒಪ್ಪಿಸುವುದೊಂದೇ ಕಷ್ಟ.

ಇದೇ ಮಣಿಯವರು ಚಾಮರಾಜನಗರ ಜಿಲ್ಲೆಯ ಯಳಂದೂರಿನಲ್ಲಿ ಹಳ್ಳಿ ಹಳ್ಳಿ ಸುತ್ತಿ, ಅತ್ಯಂತ ಅಗ್ಗದ ಹಳೆಯ ಮಾತ್ರೆಗಳಿಂದಲೇ ಬಡವರ ಮೂರ್ಛೆರೋಗವನ್ನು ಹತೋಟಿಗೆ ತರಬಹುದೆಂದು ತೋರಿಸಿದರು. ಆ ವರದಿ 2001ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. ನನಗೆ ಕೇಳಿದರೆ, ಕೋಟಿ ಬೆಲೆಯ ಯಂತ್ರಗಳ ಸಂಶೋಧನೆಗೆ ಸರಿಸಮನಾಗಿ ನಿಲ್ಲುವ ಕೆಲಸ ಅದು. ಮೂರ್ಛೆರೋಗಿಗಳಲ್ಲಿ ನೂರಕ್ಕೆ ಎಪ್ಪತ್ತು ಜನ ಸರಿಯಾದ ಔಷಧ ಸಿಕ್ಕರೆ ಫಿಟ್ಸ್ ಇಲ್ಲದೆ ಬದುಕಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಷ್ಟು ಜನರಿಗೂ ಅದು ಸಿಗುತ್ತಿಲ್ಲ. ಸಿಕ್ಕವರೂ ಆರು ತಿಂಗಳು ಫಿಟ್ಸ್ ಬರಲಿಲ್ಲವೆಂದು ತಾವೇ ನಿಲ್ಲಿಸಿಬಿಡುತ್ತಾರೆ. ಹಾಗೆ ಥಟ್ಟನೆ ನಿಲ್ಲಿಸಿದಾಗಲೇ ಬಿಡದೆ ಹಿಡಿಯುವ ದೀರ್ಘ ಫಿಟ್ಸ್ ಬರುವ ಅಪಾಯ. ಕಾವಲುಗಾರರನ್ನು ಕೆರಳಿಸುವುದು ಅದೇ ಎಂದು ಮೇಲೆ ನೋಡಿದೆವು.

ಶಾಲೆಯಲ್ಲಿ ಮಗುವಿಗೆ ಫಿಟ್ಸ್ ಬಂದರೆ ಮೇಷ್ಟ್ರು ಮಾಡಬೇಕಾದ್ದು ಹೆಚ್ಚೇನಿಲ್ಲ. ಬೆಂಚು, ಕಲ್ಲು ತಗಲದಂತೆ ಸರಿಸಿ, ತಲೆಯಡಿ ಮೆತ್ತನೆಯದೇನಾದರೂ ಇಟ್ಟು, ಒಂದು ಮಗ್ಗುಲಿಗೆ ಹೊರಳಿಸಿ, ಗಡಿಯಾರ ನೋಡುವುದು. ಬಾಯಿಗೆ ಚಮಚವಾಗಲಿ ನೀರಾಗಲಿ ಹಾಕಬಾರದು. ಕೈಕಾಲು ಅದುಮಿ ಹಿಡಿಯಬಾರದು. ಐದು ನಿಮಿಷ ದಾಟಿದರೆ, ಅಥವಾ ಎಚ್ಚರವಾಗುವ ಮೊದಲೇ ಮತ್ತೆ ಬಂದರೆ, 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸಬೇಕು. ಜತೆಯವರು ಮೊಬೈಲಿನಲ್ಲಿ ಒಂದು ನಿಮಿಷ ಚಿತ್ರೀಕರಿಸಿಟ್ಟುಕೊಂಡರೆ ಮುಂದೆ ವೈದ್ಯರಿಗೆ ರೋಗದ ಬಗೆ ಗುರುತಿಸಲು ಬಹಳ ಸಹಾಯ. ಅದನ್ನು ವೈದ್ಯರಿಗಷ್ಟೇ ತೋರಿಸಬೇಕು, ಊರಿಗೆಲ್ಲ ಕಳಿಸುವುದಲ್ಲ.

ಹೆಣ್ಣುಮಕ್ಕಳ ತಂದೆತಾಯಿ ಕಾಯಿಲೆ ಮುಚ್ಚಿಡುವುದಕ್ಕೆ ಮದುವೆಯ ಚಿಂತೆಯೇ ಕಾರಣ. ಹಿಂದೂ ವಿವಾಹ ಕಾಯ್ದೆಯಲ್ಲಿ ಮೂರ್ಛೆರೋಗವನ್ನು ಮದುವೆಗೆ ಅಡ್ಡಿಯೆಂದು ಬರೆದಿದ್ದ ಮಾತನ್ನು 1999ರ ತಿದ್ದುಪಡಿಯಲ್ಲಿ ತೆಗೆದುಹಾಕಲಾಗಿದೆ. ಬಸುರಿಯಾಗುವ ಮೊದಲು ಯಾವ ಮಾತ್ರೆ ಮುಂದುವರಿಸಬೇಕು, ಯಾವುದನ್ನು ಬದಲಿಸಬೇಕು ಎಂದು ವೈದ್ಯರನ್ನು ಕೇಳಿಕೊಂಡರೆ ತಾಯ್ತನಕ್ಕೂ ತೊಡಕಿಲ್ಲ. ನಿಮ್ಹಾನ್ಸ್ ಮತ್ತು ರಾಜ್ಯ ಆರೋಗ್ಯ ಇಲಾಖೆ ಕೂಡಿ 2022ರಲ್ಲಿ ಆರಂಭಿಸಿದ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮದ ಉದ್ದೇಶವೇ ಇಂಥ ರೋಗಿಗಳು ಬೆಂಗಳೂರಿನವರೆಗೆ ಅಲೆಯದೆ ಜಿಲ್ಲಾ ಆಸ್ಪತ್ರೆಯಲ್ಲೇ ನರರೋಗದ ಸಲಹೆ ಪಡೆಯುವಂತೆ ಮಾಡುವುದು. ಸಾಸ್ವೆಹಳ್ಳಿಯವರು ಮೊದಲು ಹೋಬಳಿಯ ಆಸ್ಪತ್ರೆಯಲ್ಲಿ ಚೀಟಿ ಬರೆಸಿಕೊಂಡು ದಾವಣಗೆರೆಗೆ ಹೋಗಬಹುದು. ಹೋಗುವಾಗ ಹಳೆಯ ಚೀಟಿಗಳನ್ನೂ, ಫಿಟ್ಸ್ ಬಂದ ತಾರೀಕು, ಹೊತ್ತು ಬರೆದಿಟ್ಟ ನೋಟ್‌ಬುಕ್ಕನ್ನೂ ಮರೆಯದೆ ಒಯ್ಯಬೇಕು.